ಎಡ ಕ್ರ್ಯಾಂಕ್ ಕಟಕ್ ಅನ್ನುತ್ತದೆ, ಪಿನ್ ಬದಲಿಸಿದ್ದು ಎರಡು ಸಲ

ಪೆರ್ಲದ ರಾಡ್ ಬ್ರೇಕ್:
ಅಪ್ಪನ ಸೈಕಲ್ಲು, 22 ಇಂಚಿನ ಹಳೇ ಕಪ್ಪು ಗಾಡಿ. ಬೆಳಗ್ಗೆ ಡೈರಿಗೆ ಹಾಲು ಕೊಡಲಿಕ್ಕೆ, ಸಂಜೆ ಪೇಟೆಗೆ ನಾನೀಗ ಓಡಿಸುವುದು ಇದನ್ನೇ. ಈ ಮಳೆಗಾಲ ಕಳೆದ ಮೇಲೆ ಗುಡ್ಡೆ ಹತ್ತುವಾಗ, ಎಡಗಾಲು ಮೇಲಿಂದ ಕೆಳಗೆ ಒತ್ತುವ ಹೊತ್ತಿಗೆ ಒಂದು 'ಕಟಕ್'. ಪೆಡಲ್ ಒಂದು ಸುತ್ತು ಬಂದರೆ ಒಂದೇ ಸಲ. ಇಳಿಜಾರಿನಲ್ಲಿ ತುಳಿಯದೆ ಬಿಟ್ಟರೆ ಶಬ್ದವೇ ಇಲ್ಲ. ಅಂಗಡಿಯಲ್ಲಿ ಎರಡು ಸಲ ಕಾಟರ್ ಪಿನ್ (ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂರುವ ಕೈಯನ್ನು, ನಡುವಿನ ಆಕ್ಸಲಿಗೆ ಹಿಡಿಸುವ ಪಿನ್) ಬದಲಿಸಿ ಸ್ಪ್ಯಾನರಿನಲ್ಲಿ ನಟ್ಟು ಬಿಗಿದುಕೊಟ್ಟರು. ಮೊದಲಿನದ್ದು ಒಂಬತ್ತು ದಿನ ಬಂತು, ಎರಡನೆಯದ್ದು ನಾಲ್ಕೇ ದಿನ. ಈಗ ಆಕ್ಸಲ್, ಕ್ರ್ಯಾಂಕ್, ಬೇರಿಂಗ್ ಎಲ್ಲ ಹೊಸದು ಹಾಕಬೇಕೆನ್ನುತ್ತಾರೆ. ಅಪ್ಪ ಇದರಲ್ಲಿ ಅಡಕೆ ಗೋಣಿ ಹೇರಿಕೊಂಡು ಬದಿಯಡ್ಕದವರೆಗೆ ಹೋಗುತ್ತಿದ್ದರು. ಹಾಳಾಗದ ಒಂದು ತುಂಡನ್ನೂ ಬಿಸಾಡಲು ನನಗೆ ಮನಸ್ಸಿಲ್ಲ. ಬಿಚ್ಚಲಿಕ್ಕೆ ಹೆದರಿಕೆ ಇಲ್ಲ, ಎಲ್ಲಿಂದ ಶುರು ಮಾಡಬೇಕು ಹೇಳಿ.

ಕುಂಬಳೆ ಸ್ಪ್ಯಾನರ್:
ಬಿಚ್ಚುವ ಮೊದಲು ಕೈಯಲ್ಲೇ ನೋಡಿ. ಎರಡು ಕ್ರ್ಯಾಂಕನ್ನೂ ಹಿಡಿದು ಫ್ರೇಮಿನ ಕಡೆಗೆ, ಹೊರಗೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲುಗಿದರೆ ದೋಷ ಒಳಗೆ, ಬೇರಿಂಗಿನಲ್ಲಿ. ಎಡದ್ದು ಮಾತ್ರ ಅಲುಗಿದರೆ ಪಿನ್ನಿನ ಹತ್ತಿರ. ಆಮೇಲೆ ಪೆಡಲುಗಳನ್ನು ನೆಲಕ್ಕೆ ಸಮ ಇಟ್ಟು, ಬ್ರೇಕ್ ಹಿಡಿದು, ಎರಡರ ಮೇಲೂ ಎದ್ದು ನಿಲ್ಲಿ. ಅರ್ಧ ಸುತ್ತು ತಿರುಗಿಸಿ ಮತ್ತೆ ನಿಲ್ಲಿ. ಸಡಿಲಿದ್ದರೆ ಕಾಲಿಗೇ ಗೊತ್ತಾಗುತ್ತದೆ.

ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚಬೇಡಿ. ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಆಗ ಸುತ್ತಿಗೆಯ ಪೆಟ್ಟಿಗೆ ತ್ರೆಡ್ ಹಾಳಾಗುವುದಿಲ್ಲ. ಕ್ರ್ಯಾಂಕಿನ ಅಡಿಗೆ ನೆಲದಿಂದ ಒಂದು ಕಬ್ಬಿಣದ ಪೈಪು ಆನಿಸಿಡಿ. ಇಲ್ಲದಿದ್ದರೆ ಪೆಟ್ಟೆಲ್ಲ ಬೇರಿಂಗಿನ ಬಾಲುಗಳಿಗೆ ಹೋಗಿ, ಅವು ಕೂರುವ ಬಟ್ಟಲಿನಲ್ಲಿ (ಕಪ್) ಗುಳಿ ಬೀಳುತ್ತದೆ.

ನನಗೆ ಸಂಶಯ ಬರುವುದು ಆ ಸ್ಪ್ಯಾನರ್ ಬಿಗಿಯ ಮೇಲೆ. ಕಾಟರ್ ಪಿನ್ ಅಂದರೆ ಬೆಣೆ. ಬೆಣೆ ಕೂರುವುದು ಸುತ್ತಿಗೆಯ ಪೆಟ್ಟಿಗೆ. ನಟ್ಟು ಇರುವುದು ಅದು ಹಿಂದೆ ಬಾರದ ಹಾಗೆ ಹಿಡಿಯಲಿಕ್ಕೆ, ಎಳೆದು ಕೂರಿಸಲಿಕ್ಕಲ್ಲ. ಗಾತ್ರವನ್ನೂ ಅಳೆಯಿರಿ: 9 ಮಿ.ಮೀ., 9.5 ಮಿ.ಮೀ. ಎರಡೂ ಉಂಟು. ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಉಪ್ಪಳ ಗೇರ್ ಸೈಕಲ್:
ಏನಾದರಾಗಲಿ, ಅದರಲ್ಲೇ ತುಳಿಯುತ್ತಾ ಇರಬೇಡಿ. ನನ್ನದು ಚೌಕ ಆಕ್ಸಲ್, ಅಲ್ಯೂಮಿನಿಯಂ ಕ್ರ್ಯಾಂಕ್. ಇದೇ ಶಬ್ದ ಬಂದಾಗ ಮನೆ ಮುಟ್ಟಿದರೆ ಸಾಕೆಂದು ಮಂಜೇಶ್ವರದಿಂದ ತುಳಿದುಕೊಂಡೇ ಬಂದೆ. ಆಕ್ಸಲ್ ಉಕ್ಕಿನದ್ದು, ಕ್ರ್ಯಾಂಕ್ ಮೆತ್ತಗೆ. ಚೌಕದ ತೂತಿನ ಮೂಲೆಗಳು ಸವೆದು ಹೋದವು. ಆಮೇಲೆ ಬೋಲ್ಟನ್ನು ಎಷ್ಟು ಬಿಗಿದರೂ ನಿಲ್ಲಲಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕಾಯಿತು. ಪೆಡಲನ್ನೂ ಒಮ್ಮೆ ಕಳಚಿ ನೋಡಿ. ಎಡ ಪೆಡಲಿಗೆ ಉಲ್ಟಾ ತ್ರೆಡ್, ಮರೆಯಬೇಡಿ.

ಪೆರ್ಲದ ರಾಡ್ ಬ್ರೇಕ್:
ಭಾನುವಾರ ಅಂಗಳದಲ್ಲಿ ಗೋಣಿ ಹಾಸಿ ಬಿಚ್ಚಿದೆ. ಎಡದ್ದು ಮಾತ್ರ ಅಲುಗುತ್ತಿತ್ತು. ಪಿನ್ ಮೂರನೇ ಪೆಟ್ಟಿಗೆ ಹೊರಬಂತು. ಅದರ ಚಪ್ಪಟೆ ಮುಖದ ಒಂದು ಅಂಚಿನಲ್ಲಿ ಮಾತ್ರ ಆಳವಾದ ಗಾಯ, ಉಳಿದ ಕಡೆ ಹೊಸದರ ಹೊಳಪು ಹಾಗೇ ಉಂಟು. ಆಕ್ಸಲಿನ ಚಪ್ಪಟೆ ಜಾಗ ಸರಿ ಇದೆ, ಕ್ರ್ಯಾಂಕಿನ ತೂತೂ ದುಂಡಗೇ ಇದೆ. ಗಾತ್ರವೂ ಸರಿ. ಹೊಸ ಪಿನ್ನಿನ ಮುಖಕ್ಕೆ ಸ್ಕೆಚ್ ಪೆನ್ನಿನ ಶಾಯಿ ಬಳಿದು ಮೆಲ್ಲಗೆ ಹೊಡೆದು ತೆಗೆದೆ. ಶಾಯಿ ಉಜ್ಜಿಹೋದದ್ದು ಅದೇ ಅಂಚಿನಲ್ಲಿ! ಅಂದರೆ ಪಿನ್ನಿನ ಓರೆ ಆಕ್ಸಲಿಗೆ ಕೂಡುತ್ತಲೇ ಇರಲಿಲ್ಲ, ಇಡೀ ಭಾರ ಒಂದು ಗೆರೆಯ ಮೇಲೆ ನಿಂತಿತ್ತು.

ಅರ ಹಿಡಿದು ಸ್ವಲ್ಪ ಸ್ವಲ್ಪ ಉಜ್ಜಿ, ಪ್ರತಿಸಲ ಶಾಯಿ ಬಳಿದು ನೋಡಿದೆ. ಐದನೇ ಸಲಕ್ಕೆ ಮುಖದ ಉದ್ದಕ್ಕೂ ಶಾಯಿ ಹೋಗಿತ್ತು. ಹೇಗೂ ಬಿಚ್ಚಿದ್ದೇನೆಂದು ಬಲದ ಪಿನ್ನೂ ತೆಗೆದು, ಎಡಬದಿಯ ಲಾಕ್ ರಿಂಗ್ ಬಿಚ್ಚಿ ಆಕ್ಸಲ್ ಹೊರತೆಗೆದೆ. ಗ್ರೀಸೆಲ್ಲ ಮಳೆನೀರು ಸೇರಿ ಕಂದು ಕೆಸರು. ಬಾಲುಗಳು ಬದಿಗೆ 11, ಒಂದೂ ಗುಳಿ ಬಿದ್ದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿ ಕೂರಿಸಿದೆ. ಅಂಗಡಿಯವರು ಬದಲಿಸಬೇಕೆಂದ ಯಾವ ಸಾಮಾನೂ ಹಾಳಾಗಿರಲಿಲ್ಲ.

ಕುಂಬಳೆ ಸ್ಪ್ಯಾನರ್:
ಒಳ್ಳೇ ಕೆಲಸ. ಎರಡು ಕ್ರ್ಯಾಂಕೂ ಒಂದೇ ಗೆರೆಯಲ್ಲಿ ಉಂಟಾ ನೋಡಿದಿರಾ? ಒಂದನ್ನೇ ಹೆಚ್ಚು ಅರೆದರೆ ಆ ಕ್ರ್ಯಾಂಕ್ ಸ್ವಲ್ಪ ಓರೆ ನಿಲ್ಲುತ್ತದೆ. 30 ಕಿ.ಮೀ. ಓಡಿಸಿ ಇನ್ನೊಮ್ಮೆ ಪೆಟ್ಟು ಕೊಡಿ, ಆಮೇಲೆ ನಟ್ಟು ಬಿಗಿಯಿರಿ.

ಪೆರ್ಲದ ರಾಡ್ ಬ್ರೇಕ್:
ದಾರ ಹಿಡಿದು ನೋಡಿದೆ ಅಣ್ಣ, ಕೂದಲಷ್ಟೇ ಓರೆ, ಕಾಲಿಗೆ ಗೊತ್ತಾಗುವುದಿಲ್ಲ. ನಿನ್ನೆ ನೀವು ಹೇಳಿದ ಹಾಗೆ ಮತ್ತೆ ಪೆಟ್ಟು ಕೊಟ್ಟಾಗ ಪಿನ್ ಇನ್ನೂ ಚೂರು ಒಳಗೆ ಹೋಯಿತು, ನಟ್ಟು ಕಾಲು ಸುತ್ತು ಬಂತು. ಇವತ್ತು ಹಾಲಿನ ಕ್ಯಾನ್ ಕಟ್ಟಿಕೊಂಡೇ ಗುಡ್ಡೆ ಹತ್ತಿದೆ. ಕೇಳಿದ್ದು ಚೈನಿನ ಶಬ್ದ ಮಾತ್ರ.