ಕೋಲ್ಡ್ ಫ್ಯೂಷನ್ ಕಂಪನಿಯ ಷೇರಿಗೆ ಹಣ ಹಾಕಬಹುದೇ?

ಪ್ರಶ್ನೆ (ತಿರುಮಣಿ, ಪಾವಗಡ ತಾಲ್ಲೂಕು)
ನಮ್ಮ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದದ್ದು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಅದರಲ್ಲಿ ಉಳಿಸಿದ್ದನ್ನು ಭಾವ ಒಂದು ಹೊಸ ಕಂಪನಿಗೆ ಹಾಕಲು ಹೊರಟಿದ್ದಾರೆ. ಕೋಲ್ಡ್ ಫ್ಯೂಷನ್, ಅಂದರೆ ಕೋಣೆಯ ತಾಪದಲ್ಲೇ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ವಿಧಾನವಂತೆ. ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು), ಪಲ್ಲಾಡಿಯಂ ಲೋಹ ಇರುವ ಸಣ್ಣ ಪೆಟ್ಟಿಗೆಯೊಂದು ಮನೆಗೆ ಬೇಕಾದ ಕರೆಂಟನ್ನೆಲ್ಲ ಕೊಡುತ್ತದಂತೆ. ಐದು ವರ್ಷದಲ್ಲಿ ಸೋಲಾರ್ ಪ್ಯಾನಲ್‌ಗಳೆಲ್ಲ ಗುಜರಿಗೆ ಹೋಗುತ್ತವಂತೆ. ಇದರಲ್ಲಿ ಹುರುಳಿದೆಯೇ?

ಉತ್ತರ (ನಿವೃತ್ತ ಉಪನ್ಯಾಸಕ, ತುಮಕೂರು)
ದಯವಿಟ್ಟು ಭಾವನವರನ್ನು ತಡೆಯಿರಿ. ಪಿಯು ಮಕ್ಕಳಿಗೆ ಭೌತವಿಜ್ಞಾನ ಕಲಿಸಿದವನಾಗಿ ಹೇಳುತ್ತಿದ್ದೇನೆ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಪಾನ್ಸ್ ಮತ್ತು ಫ್ಲೈಷ್‌ಮನ್ ಎಂಬ ರಸಾಯನ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು ಹೇಳಿದ್ದೂ ಇದನ್ನೇ. ಅದೇ ವರ್ಷ ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೂ ನಿರ್ದೇಶಕರಾಗಿದ್ದ ಪಿ.ಕೆ. ಅಯ್ಯಂಗಾರ್ ಅವರ ಕಾಲದಲ್ಲಿ ಹಲವು ತಂಡಗಳು ಪ್ರಯೋಗ ಮಾಡಿ, ಬೆಸುಗೆ ನಡೆದದ್ದರ ಗುರುತಾದ ನ್ಯೂಟ್ರಾನ್ ಕಣಗಳು ಮತ್ತು ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಕಂಡೆವು ಎಂದು ವರದಿ ಬರೆದವು. ಆದರೆ ಬೇಕೆಂದಾಗ ಮತ್ತೆ ಮಾಡಿ ತೋರಿಸಲು ಯಾರಿಂದಲೂ ಆಗಲಿಲ್ಲ. ಗೂಗಲ್ ಹಣ ಕೊಟ್ಟು ನಡೆಸಿದ ಮರುಪರೀಕ್ಷೆಯ ಫಲಿತಾಂಶ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತು, ಪುರಾವೆ ಸಿಗಲಿಲ್ಲ.

ಲೆಕ್ಕ ನೋಡಿ. ಭಾರಜಲದಲ್ಲಿರುವ ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಪರಮಾಣುಗಳು ನಮಗೆ ತಿಳಿದಿರುವ ರೀತಿಯಲ್ಲಿ ಬೆಸೆದುಕೊಂಡು ಒಂದೇ ಒಂದು ವ್ಯಾಟ್ ಶಾಖ ಕೊಟ್ಟರೂ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನ್‌ಗಳು ಹೊರಬರಬೇಕು. ಅಂಥ ಪೆಟ್ಟಿಗೆ ನಿಜವಾಗಿ ಮನೆಗೆ ಕರೆಂಟ್ ಕೊಡುತ್ತಿದ್ದರೆ ಅದರ ಪಕ್ಕ ನಿಂತವನು ಆ ವಿಕಿರಣಕ್ಕೆ ಬದುಕುವುದಿಲ್ಲ.

ಉತ್ತರ (ಎಂಜಿನಿಯರ್, ಚಿಂತಾಮಣಿ)
ಸರ್, ಹೊಸ ದಾರಿ ಹಿಡಿದವರನ್ನೆಲ್ಲ ಇದರ ಜೊತೆ ಸೇರಿಸಬೇಡಿ. ಅಮೆರಿಕದ ಫ್ಯೂಷನ್ ಕಂಪನಿ ಹೀಲಿಯಾನ್ 2028ರಿಂದ ಮೈಕ್ರೋಸಾಫ್ಟ್‌ಗೆ ವಿದ್ಯುತ್ ಕೊಡುವುದಾಗಿ 2023ರಲ್ಲೇ ಒಪ್ಪಂದ ಮಾಡಿಕೊಂಡಿದೆ. ಟಿಎಇ ಎಂಬ ಇನ್ನೊಂದು ಕಂಪನಿ ಹೈಡ್ರೋಜನ್ ಮತ್ತು ಬೋರಾನ್ ಬೆಸೆಯುವ ದಾರಿ ಹಿಡಿದಿದೆ. ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಎಂಬ ಫ್ಯೂಷನ್ ಸ್ಥಾವರ ಒಂದನ್ನೇ ನಂಬಿ ಎಷ್ಟು ಕಾಲ ಕಾಯುವುದು?

ಉತ್ತರ (ನಿವೃತ್ತ ಉಪನ್ಯಾಸಕ, ತುಮಕೂರು)
ಅವರು ಮಾಡುತ್ತಿರುವುದು ಬಿಸಿ ಪ್ಲಾಸ್ಮಾದ (ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿದ, ವಿದ್ಯುದಾವೇಶವುಳ್ಳ ಅನಿಲದ) ನಿಜವಾದ ಭೌತವಿಜ್ಞಾನ, ನನಗೆ ಅದರ ಮೇಲೆ ಗೌರವವಿದೆ. ಅಂಥ ಸಂಶೋಧನೆಗೆ ಹಣ ಹರಿಯಲೇಬೇಕು. ಆದರೆ ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಬೋರಾನ್ ದಾರಿಗೆ ನೂರು ಕೋಟಿ ಡಿಗ್ರಿಗೂ ಮೀರಿದ ತಾಪ ಬೇಕು.

ಮೀಟರ್ ಎಲ್ಲಿಟ್ಟಿದ್ದಾರೆ ಎಂದು ಮೊದಲು ಕೇಳಿ. 2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೌಲ್ ಲೇಸರ್ ಬೆಳಕು ಇಂಧನದ ಗುರಿಗೆ ಬಿದ್ದು 3.15 ಮೆಗಾಜೌಲ್ ಫ್ಯೂಷನ್ ಶಕ್ತಿ ಹೊರಬಂದಿತು. ದೊಡ್ಡ ಸಾಧನೆ, ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ಆ ಲೇಸರ್‌ಗಳಿಗಾಗಿ ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೌಲ್! ಪಾವಗಡದ 2,050 ಮೆಗಾವ್ಯಾಟ್ ಪಾರ್ಕಿನ ಕರೆಂಟನ್ನು ಜಾಲಕ್ಕೆ ಸೇರುವಲ್ಲಿ ಅಳೆಯುತ್ತಾರೆ. ಪೆಟ್ಟಿಗೆಯವರೂ ಹಾಗೆಯೇ ಅಳೆದು ತೋರಿಸಲಿ: ಪ್ಲಗ್‌ನಿಂದ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಅಳೆದವರು ಯಾರು?

ಪ್ರಶ್ನೆ ಕೇಳಿದವರು
ಕರಪತ್ರ ತೆಗೆದು ನೋಡಿದೆ. 'ನಾಲ್ಕು ಪಟ್ಟು ಶಕ್ತಿ' ಎಂದಿದೆ, ಒಂದು ಥರ್ಮಾಮೀಟರಿನ ಚಿತ್ರವಿದೆ. ಒಳಗೆ ಹೋಗುವ ಕರೆಂಟಿನ ಲೆಕ್ಕ ಎಲ್ಲೂ ಇಲ್ಲ, ಆದರೆ ಚಿತ್ರದಲ್ಲಿ ಪೆಟ್ಟಿಗೆಯ ಹಿಂದಿನಿಂದ ಗೋಡೆಯ ಪ್ಲಗ್ಗಿಗೆ ದಪ್ಪ ಕೇಬಲ್ ಹೋಗಿದೆ. ಹಣ ಕಟ್ಟಲು ಶುಕ್ರವಾರ ಕೊನೆಯ ದಿನವಂತೆ. ಇಂದೇ ಸಂಜೆ ಭಾವನವರನ್ನು ಕೂರಿಸಿ ನೀವು ಬರೆದದ್ದನ್ನೆಲ್ಲ ಓದಿ ಹೇಳುತ್ತೇನೆ.