ಕಡಿಮೆ ಓಡಿದ ಹಳೆಯ ಐಷಾರಾಮಿ ಸೆಡಾನ್ ಮಲೆನಾಡಿನ ತೋಟಕ್ಕೆ ಒಗ್ಗೀತೆ?

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು):
ಮಾನ್ಯರೇ, ಬೆಂಗಳೂರಿನ ವೈದ್ಯರೊಬ್ಬರು ಬಳಸುತ್ತಿದ್ದ 2016ರ ಮಾದರಿಯ ಜರ್ಮನ್ ಡೀಸೆಲ್ ಸೆಡಾನ್ ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಒಬ್ಬರೇ ಮಾಲೀಕರು, ಓಡಿರುವುದು ಕೇವಲ 38,000 ಕಿ.ಮೀ., ಕೇಳುತ್ತಿರುವ ಬೆಲೆಯೂ ಹೊಸ ಸಣ್ಣ ಎಸ್‌ಯುವಿಯ ಬೆಲೆಗಿಂತ ಹೆಚ್ಚಿಲ್ಲ. ದಿನವೂ ತೋಟದಿಂದ ಪೇಟೆಗೆ ಆರು ಕಿ.ಮೀ. ಹೋಗಿ ಬರುವುದು, ಎರಡು ತಿಂಗಳಿಗೊಮ್ಮೆ ಬೆಂಗಳೂರು, ಇಷ್ಟೇ ನನ್ನ ಓಡಾಟ. ಇಂತಹ ಕಾರನ್ನು ಇಟ್ಟುಕೊಂಡವರ ಅನುಭವವನ್ನೂ ಕೆಲಸ ಬಲ್ಲವರ ಅಭಿಪ್ರಾಯವನ್ನೂ ತಿಳಿಯಬಯಸುತ್ತೇನೆ.

ಉತ್ತರ (ಗ್ಯಾರೇಜ್ ಮಾಲೀಕರು, ಹಾಸನ):
ಸರ್, ತಮಗೆ ಮೆಚ್ಚುಗೆಯಾದ ಆ 38,000 ಎಂಬ ಅಂಕಿಯೇ ನನ್ನನ್ನು ಯೋಚನೆಗೆ ಹಚ್ಚಿದೆ. ಈ ದರ್ಜೆಯ ಕಾರುಗಳ ಇಂಜಿನ್ನು, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದ್ದರೆ, ಎರಡು ಲಕ್ಷ ಕಿ.ಮೀ. ದಾಟಿಯೂ ಗಟ್ಟಿಯಾಗಿರುವುದನ್ನು ಕಂಡಿದ್ದೇನೆ. ಮೊದಲು ಕೈಕೊಡುವುದು ರಬ್ಬರು ಮತ್ತು ಪ್ಲಾಸ್ಟಿಕ್. ಕೂಲೆಂಟ್ ಟ್ಯಾಂಕು, ಥರ್ಮೋಸ್ಟಾಟಿನ ಕವಚ, ಟರ್ಬೋ ಹೋಸು, ಆಯಿಲ್ ಗ್ಯಾಸ್ಕೆಟ್ಟು, ಸಸ್ಪೆನ್ಷನ್ ಬುಷ್ಷುಗಳೆಲ್ಲ ಕಾರು ಷೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಮುದಿಯಾಗುತ್ತವೆ. ಆದ್ದರಿಂದ ಮೀಟರು ಎಷ್ಟೇ ತೋರಿಸಲಿ, ಅದನ್ನು ವಯಸ್ಸಾದ ಕಾರೆಂದೇ ಎಣಿಸಬೇಕು.

ಇನ್ನೂ ಮುಖ್ಯವಾದುದು ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು. ವಾಹನದ ಹೊಗೆಗೆ ಬಿಗಿ ಮಿತಿ ಹಾಕಿದ ಬಿಎಸ್6 ನಿಯಮ ಬಂದದ್ದು 2020ರ ಏಪ್ರಿಲ್ 1ರಂದಾದರೂ ಇಂತಹ ಹಲವು ಕಾರುಗಳಲ್ಲಿ ಅದಕ್ಕೂ ಮೊದಲೇ ಈ ಫಿಲ್ಟರು ಇತ್ತು. ಅದರಲ್ಲಿ ಕಟ್ಟಿಕೊಂಡ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಅದಕ್ಕಾಗಿ ಕಾರು ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷವಾದರೂ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಎಂದು ಟ್ರಾಫಿಕ್ಕಿನಲ್ಲಿ ತೆವಳಿದ ಕಾರಿನಲ್ಲಿ ಈ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಸುಡುವುದಕ್ಕೆಂದು ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ. ವೈದ್ಯರ ಓಡಾಟ ಹೇಗಿತ್ತೆಂದು ನಾನು ಊಹಿಸುತ್ತಿದ್ದೇನೆ ಅಷ್ಟೆ, ಆದರೆ ತಮ್ಮ ಆರು ಕಿ.ಮೀ. ಓಡಾಟವೂ ಅದೇ ಜಾತಿಯದು.

ಅನುಭವ (ಕಾರಿನ ಮಾಲೀಕರು, ಚಿಕ್ಕಮಗಳೂರು):
ನನ್ನದೂ ಸೆಕೆಂಡ್ ಹ್ಯಾಂಡ್ ಡೀಸೆಲ್ ಸೆಡಾನ್. ಕಂಪನಿಯ ಹೆಸರು ಇಲ್ಲಿ ಬೇಡ. ನಾಲ್ಕು ವರ್ಷಗಳಲ್ಲಿ ಇಂಜಿನ್ನಾಗಲೀ ಗೇರ್‌ಬಾಕ್ಸಾಗಲೀ ಒಮ್ಮೆಯೂ ದಾರಿಯಲ್ಲಿ ನಿಲ್ಲಿಸಲಿಲ್ಲ. ನನ್ನನ್ನು ಸೋಲಿಸಿದ್ದು ಸಿಲ್ವರ್ ಓಕ್ ಮರ. ಮನೆಯ ಮುಂದೆ ಮರದಡಿ ನಿಲ್ಲಿಸುತ್ತಿದ್ದುದರಿಂದ ಸನ್‌ರೂಫಿನ ಅಂಚಿನ ನೀರು ಹರಿದುಹೋಗುವ ಸಣ್ಣ ಕೊಳವೆಗಳಲ್ಲಿ ಎಲೆಯ ಪುಡಿ ಕಟ್ಟಿಕೊಂಡು, ಆಷಾಢದ ಮಳೆಯ ನೀರೆಲ್ಲ ಒಳಗಿಳಿದು, ಕಾರ್ಪೆಟ್ಟಿನ ಕೆಳಗಿದ್ದ ಎಲೆಕ್ಟ್ರಾನಿಕ್ ಮಾಡ್ಯೂಲೊಂದು ಹಾಳಾಯಿತು. ಅದನ್ನು ಬದಲಿಸಿ ಕೋಡಿಂಗ್ ಮಾಡಿಸಲು, ಅಂದರೆ ಹೊಸದನ್ನು ಕಂಪ್ಯೂಟರ್ ಮೂಲಕ ಈ ಕಾರಿಗೆ ಹೊಂದಿಸಲು, ಕಾರನ್ನು ಬೆಂಗಳೂರಿಗೆ ಲಾರಿಯ ಮೇಲೆ ಕಳುಹಿಸಬೇಕಾಯಿತು. ಆ ಖರ್ಚಿಗಿಂತ ಹನ್ನೆರಡು ದಿನ ಕಾರಿಲ್ಲದೆ ಇದ್ದುದೇ ಹೆಚ್ಚು ಬೇಸರ ತರಿಸಿತು.

ಅನುಭವ (ಕಾರಿನ ಮಾಲೀಕರು, ಅರಸೀಕೆರೆ):
ನಾನು ಪ್ರತಿ ವಾರ ಬೆಂಗಳೂರಿಗೆ ಹೋಗಿ ಬರುವವನು. 92,000 ಕಿ.ಮೀ. ಓಡಿದ್ದ ಕಾರನ್ನು ಕೊಂಡು 1,40,000ದವರೆಗೆ ತಂದಿದ್ದೇನೆ. ಡಿಪಿಎಫ್ ದೀಪ ಒಮ್ಮೆಯೂ ಉರಿದಿಲ್ಲ. ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ಕಾರನ್ನು ನಿಲ್ಲಿಸುವ ಮುಂದಿನ ಏರ್ ಸಸ್ಪೆನ್ಷನ್ ಮಾತ್ರ ಒಂದು ಬೆಳಿಗ್ಗೆ ಎಡಕ್ಕೆ ಕುಸಿದು ಕುಳಿತಿತ್ತು. ಗಾಳಿಚೀಲದ ಸಣ್ಣ ಬಿರುಕನ್ನು ತಿಂಗಳುಗಟ್ಟಲೆ ಕಡೆಗಣಿಸಿದ್ದರಿಂದ ಅದನ್ನು ತುಂಬಿ ತುಂಬಿ ಕಂಪ್ರೆಸರೂ ಸುಟ್ಟುಹೋಯಿತು. ಆ ತಪ್ಪು ನನ್ನದೇ.

ಮರುಪ್ರಶ್ನೆ (ಮೂಡಿಗೆರೆಯವರು):
ಗೇರ್‌ಬಾಕ್ಸ್ ಆಯಿಲನ್ನು ಎಂದೂ ಬದಲಿಸಬೇಕಿಲ್ಲವೆಂದು ಮಾರುವವರು ಹೇಳುತ್ತಾರೆ. ನಿಜವೆ? ಮೀಟರ್ ತಿದ್ದಿಲ್ಲವೆಂದು ತಿಳಿಯುವುದು ಹೇಗೆ?

ಉತ್ತರ (ಹಾಸನ):
ಇಂತಹ ಹಲವು ಕಾರುಗಳಿಗೆ ಎಂಟು ಗೇರಿನ ಆಟೊಮ್ಯಾಟಿಕ್ ಒದಗಿಸುವ ಜೆಡ್‌ಎಫ್ ಕಂಪನಿಯೇ, ಓಡಿಸುವ ರೀತಿಗೆ ತಕ್ಕಂತೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಲು ಸಲಹೆ ನೀಡುತ್ತದೆ. ಆದ್ದರಿಂದ ಆ ಮಾತನ್ನು ನಂಬಬೇಡಿ. ಮೀಟರಿನ ವಿಷಯದಲ್ಲಿ, ಡ್ಯಾಷ್‌ಬೋರ್ಡಿನ ಅಂಕಿಯನ್ನು ತಿದ್ದಿದವರು ಇತರ ಮಾಡ್ಯೂಲುಗಳಲ್ಲಿ ಉಳಿದ ದಾಖಲೆಯನ್ನು ಅಳಿಸುವುದನ್ನು ಮರೆತಿರುತ್ತಾರೆ. ಸ್ಕ್ಯಾನರ್ ಹಾಕಿದರೆ ಹಲವು ಬಾರಿ ಸಿಕ್ಕಿಬೀಳುತ್ತಾರೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ನೋಡಿ: 1216 ಎಂದಿದ್ದರೆ 2016ರ ಹನ್ನೆರಡನೆಯ ವಾರದ್ದು. ಅಷ್ಟು ಕಡಿಮೆ ಓಡಿದ ಕಾರಿನಲ್ಲಿ 2019ರ ಟೈರುಗಳಿದ್ದರೆ, ಬದಲಿಸಿದ್ದೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಕಾರಾದ್ದರಿಂದ 2022ರ ಸೆಪ್ಟೆಂಬರಿನ ನೆರೆಯಲ್ಲಿ ಎಲ್ಲಿತ್ತೆಂಬುದನ್ನೂ ವಿಚಾರಿಸಿ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಹುಡುಕಿ.

ನನ್ನ ಅಭಿಪ್ರಾಯ ಕೇಳುವುದಾದರೆ, ತಮ್ಮ ಓಡಾಟಕ್ಕೆ ಇದೇ ದರ್ಜೆಯ ಪೆಟ್ರೋಲ್ ಕಾರು ಹೊಂದುತ್ತದೆ, ಡೀಸೆಲ್ ಹೊಂದುವುದಿಲ್ಲ. ಆದರೂ ಇದೇ ಬೇಕೆಂದರೆ, ಮೊದಲ ವರ್ಷದ ರಿಪೇರಿಗೆಂದು ಕೊಂಡ ಬೆಲೆಯ ಆರನೆಯ ಒಂದು ಭಾಗವನ್ನಾದರೂ ಬದಿಗಿಟ್ಟುಕೊಂಡು ಮುಂದುವರಿಯಿರಿ.

ಮೂಡಿಗೆರೆಯವರು:
ಸರ್ವಿಸ್ ದಾಖಲೆ ತರಿಸಿಕೊಂಡೆ. ಇಷ್ಟು ವರ್ಷಗಳಲ್ಲಿ ಇಂಜಿನ್ ಆಯಿಲ್ ಬದಲಾಗಿರುವುದು ಮೂರೇ ಬಾರಿ. ಕಾರನ್ನು ತಮ್ಮಲ್ಲಿಗೆ ತಂದು ತೋರಿಸಲು ಮಾಲೀಕರು ಒಪ್ಪಿದ್ದಾರೆ.

ಉತ್ತರ (ಹಾಸನ):
ಹಾಗಾದರೆ ಹಿಂದಿನ ಸಂಜೆಯೇ ತಂದು ನಿಲ್ಲಿಸಲು ಹೇಳಿ. ರಾತ್ರಿಯೆಲ್ಲ ನಿಂತರೆ ನೆಲಕ್ಕೆ ಯಾವ ಎಣ್ಣೆ ಎಲ್ಲಿಂದ ತೊಟ್ಟಿಕ್ಕುತ್ತದೆಂಬುದು ಕಾಣುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಟೈಮಿಂಗ್ ಚೈನಿನ (ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಸರಪಳಿಯ) ಗಲಗಲ ಸದ್ದು ಬರುವುದೋ ಇಲ್ಲವೋ ಎಂದು ಕೇಳಬೇಕಾಗಿದೆ. ಬಿಸಿಯಾದ ಮೇಲೆ ಆ ಸದ್ದು ಅಡಗಿಬಿಡುತ್ತದೆ.