ಅಪ್‌ಡೇಟ್: ಗೋಕಾಕ ಫಾಲ್ಸ್‌ಗೆ ಹೋಗಿ ಬಂದೆವು

ಅಮ್ಮನ ಜೊತೆ ಗೋಕಾಕ ಫಾಲ್ಸ್, ಹಿಡಕಲ್ ಡ್ಯಾಂ ಎರಡನ್ನೂ ಒಂದೇ ದಿನ ನೋಡಬಹುದಾ ಎಂದು ಕೇಳಿದ್ದೆ. ನೋಡಬಹುದು. ಆದರೆ ಡ್ಯಾಂ ಹತ್ತಿರ ನಾವು ಸುಮ್ನೆ ಇಳಿದು ಹತ್ತಿದ್ದಷ್ಟೇ, ಸಮಯವೆಲ್ಲ ಫಾಲ್ಸ್‌ಗೇ ಹೋಯಿತು.

ಮಳೆಗಾಲದ ಘಟಪ್ರಭೆ ಕೆಂಪಗೆ 52 ಮೀಟರ್ ಕೆಳಗೆ ಬೀಳುತ್ತದೆ. ಪಕ್ಕದವರ ಮಾತೂ ಕೇಳಿಸುವುದಿಲ್ಲ. ನೀರು ಜಾಸ್ತಿ ಇದ್ದುದರಿಂದ ತೂಗುಸೇತುವೆ ಮೇಲೆ ಬಿಡಲಿಲ್ಲ, ದಡದಿಂದಲೇ ನೋಡಿದೆವು. ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.

ನನಗೆ ಹೆಚ್ಚು ಹಿಡಿಸಿದ್ದು ಗಿರಣಿಯ ಕಥೆ. ಈ ನೀರಿನ ಬಲದಿಂದ 1887ರಲ್ಲೇ ಹತ್ತಿ ಗಿರಣಿ ನಡೆಸಿದ್ದರು. ಶಿವನಸಮುದ್ರದ ಕರೆಂಟ್ ಬಂದಿದ್ದು 1902ರಲ್ಲಿ, ಅಲ್ವಾ? ಅದಕ್ಕಿಂತ ಮೊದಲೇ!

ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಹತ್ತಿರದಲ್ಲೇ ಇದೆ, ತಪ್ಪಿಸಬೇಡಿ. ಕರದಂಟು ಎರಡು ಡಬ್ಬಿ ತಂದೆವು, ಒಂದು ದಾರಿಯಲ್ಲೇ ಖಾಲಿ.